ಐವತ್ತರ ಗುಂಡಿ

ಅಂಗಡಿಯ ಬೋರ್ಡಿನಲ್ಲಿ ‘ರೇಡಿಯೋ, ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ’ ಎಂದಿತ್ತು. ಊರಿನವರ ಬಾಯಲ್ಲಿ ಅದು ಗುಂಯ್ ಡಾಕ್ಟ್ರ ಅಂಗಡಿ. ಮೈಕಿನಲ್ಲಿ ಭಾಷಣ ಶುರುವಾಗುವ ಮೊದಲು, ರೇಡಿಯೋದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಬರುವ ನಡುವೆ, ಗೋಡೆಯೊಳಗೆ ಜೇನುಹುಳ ಸೇರಿಕೊಂಡಂಥ ಸದ್ದೊಂದು ಕೇಳಿಸುತ್ತದಲ್ಲ, ಅದನ್ನು ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತುಯ್ಯುತ್ತದೆ. ಹತ್ತಿರದ ಯಾವ ತಂತಿಯೇ ಆಗಲಿ ಆ ತುಯ್ತವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಸ್ಪೀಕರಿಗೆ ಬಂದಾಗ ಅದೇ ಗುಂಯ್.

ಅದಕ್ಕೆಂದೇ ಅವರು ಒಂದು ಪೆಟ್ಟಿಗೆ ಮಾಡುತ್ತಿದ್ದರು. ಊಟದ ಡಬ್ಬಿಯಷ್ಟು ಗಾತ್ರ, ಬೂದು ಬಣ್ಣ. ಒಂದು ಕಡೆಯಿಂದ ಸದ್ದು ಒಳಗೆ, ಇನ್ನೊಂದು ಕಡೆಯಿಂದ ಗುಂಯ್ ಬಿಟ್ಟು ಉಳಿದದ್ದು ಹೊರಗೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ‘50’ ಎಂದು ಸ್ವಂತ ಕೈಯಿಂದ ಬರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಅಂಥ ನಲವತ್ತಮೂರು ಪೆಟ್ಟಿಗೆ ಮಾಡಿಕೊಟ್ಟಿದ್ದರು, ಒಂದೂ ವಾಪಸ್ ಬಂದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಾತು ನಿಜವೇ. ಬೇಸ್ ಗಿಟಾರ್ ನುಡಿಸುವವನೊಬ್ಬ ಎರಡು ಸಲ ಬಂದು, “ದಪ್ಪ ತಂತಿ ಕೆಲವು ಕಡೆ ಒತ್ತಿದ್ರೆ ಸ್ವರ ಕುಸಿಯುತ್ತೆ ಸಾರ್” ಎಂದಿದ್ದ. ಎರಡು ಸಲವೂ ತಂತಿ ಬದಲಿಸಲು ಹೇಳಿ ಕಳಿಸಿದ್ದರು. ಅದು ತಂತಿಯ ಮೇಲಿನ ದೂರು, ಪೆಟ್ಟಿಗೆಯ ಮೇಲಿನದಲ್ಲ, ಹಾಗಾಗಿ ಲೆಕ್ಕಕ್ಕೆ ಬರಲಿಲ್ಲ.

ನಲವತ್ತಮೂರನೆಯ ಪೆಟ್ಟಿಗೆ ಹೋಗಿದ್ದು ಒಂದು ಮೊಲದ ತಲೆಗೆ.

ಅವರ ಅಕ್ಕನ ಮಗಳು ಪ್ರಾಣಿಗಳ ಮಿದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಇಪ್ಪತ್ತೊಂಬತ್ತು ತುಂಬಿದ್ದರೂ ಮಾವನಿಗೆ ಅವಳು ಪುಟ್ಟಿಯೇ. ಶನಿವಾರ ಸಂಜೆ ಪುಟ್ಟಿ ಅಂಗಡಿಗೆ ಬಂದು, ಬ್ಯಾಗು ಕೆಳಗಿಡದೆ ಸ್ಟೂಲಿನ ಮೇಲೆ ಕೂತಳು.

“ಮಾವ, ನಿಮ್ಮ ಪೆಟ್ಟಿಗೆ ನನ್ನ ಕೆಲಸಕ್ಕೆ ಮಂಗಳ ಹಾಡಿಬಿಡ್ತು.”

ಮಾವ ಸಾಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಇಟ್ಟರು. “ಕೆಟ್ಟೋಯ್ತಾ?”

“ಇಲ್ಲ. ತುಂಬಾ ಚೆನ್ನಾಗಿದೆ. ಅದೇ ತೊಂದರೆ.”

ಅವಳು ಹೇಳಿದ್ದು ಇಷ್ಟು. ಮೊಲದ ಮೂಗಿನ ಹಿಂದೆ, ಮಿದುಳಿನ ಮುಂತುದಿಯಲ್ಲಿ, ಕಡಲೆಕಾಳಿನಂಥ ಎರಡು ಗಡ್ಡೆಗಳಿವೆ, ಎಡ ಹೊಳ್ಳೆಗೊಂದು, ಬಲ ಹೊಳ್ಳೆಗೊಂದು. ವಾಸನೆ ಮೊದಲು ತಲುಪುವುದು ಅಲ್ಲಿಗೆ. ಅಲ್ಲಿ ಕೂದಲಿಗಿಂತ ತೆಳುವಾದ ತಂತಿ ಇಟ್ಟರೆ, ಮೊಲ ಉಸಿರೆಳೆದುಕೊಂಡಾಗಲೆಲ್ಲ ಒಂದು ಅಲೆಗುಚ್ಛ ಎದ್ದು ಇಳಿಯಬೇಕು. ಮೊದಲನೆಯ ಮೊಲದಲ್ಲಿ ಅದು ಕಂಡಿತ್ತು, ಸೆಕೆಂಡಿಗೆ ಸುಮಾರು ನಲವತ್ತೇಳು ಅಲೆ. ಜೊತೆಗೆ ಕರೆಂಟಿನ ಗುಂಯ್ ಕೂಡ ಬೇಕಾದಷ್ಟಿತ್ತು. ಅದನ್ನು ತೆಗೆಯಲೆಂದು ಮಾವನ ಪೆಟ್ಟಿಗೆ ಹಾಕಿದರು. ಆಮೇಲೆ ಎಂಟು ತಿಂಗಳು, ಮೂರು ಮೊಲ. ಒಂದರಲ್ಲೂ ಅಲೆ ಇಲ್ಲ.

“ನಮ್ಮ ಗೈಡ್ ಮೇಡಂ ಹೇಳೋದು, ಗುಂಯ್ ಜೊತೆ ಹೋಗಿದ್ದು ಗುಂಯ್ಯೇ ಆಗಿರಬೇಕು ಅಂತ. ಮೊದಲು ನಾನು ನೋಡಿದ್ದು ಮೊಲದ ಲಯ ಅಲ್ಲ, ಗೋಡೆಯೊಳಗಿನ ಕರೆಂಟು. ಶುಕ್ರವಾರ ನನ್ನ ಕೆಲಸ ಪರಿಶೀಲಿಸೋ ಸಮಿತಿ ಕೂರುತ್ತೆ. ‘ಹೋದ ವರ್ಷ ವರದಿ ಮಾಡಿದ್ದು ತಪ್ಪು’ ಅಂತ ಗುರುವಾರದೊಳಗೆ ಬರೆದು ಸಹಿ ಹಾಕಿ ಕೊಡಬೇಕು. ಅಲ್ಲಿಗೆ ಮೊಲದ ಕೆಲಸ ಬಂದ್. ಮೂರು ವರ್ಷ ಹೋಯ್ತು.” ಅವಳು ನಕ್ಕಳು. “ಒಂದು ಲೆಕ್ಕಕ್ಕೆ ಒಳ್ಳೇದೇ. ನಿಮ್ಮ ಪೆಟ್ಟಿಗೆ ಇಲ್ಲದಿದ್ರೆ ಸುಳ್ಳನ್ನೇ ಅಚ್ಚು ಹಾಕಿಸ್ತಿದ್ದೆ.”

ಒಳಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅತ್ತೆ, “ಪಾಪದ ಮೊಲದ ತಲೆಗೆ ತಂತಿ ಸಿಕ್ಕಿಸೋದಕ್ಕೆ ಅಷ್ಟು ಓದಬೇಕೇನೇ? ನಿಮ್ಮ ಮಾವ ಏನೂ ಓದದೆ ಮೂವತ್ತು ವರ್ಷದಿಂದ ನನ್ನ ತಲೆ ತಿಂತಿದ್ದಾರೆ” ಎಂದರು. ಯಾರೂ ನಗಲಿಲ್ಲ. ಅತ್ತೆ ಒಳಗೆ ಹೋಗಿ ಟೀ ತಂದಿಟ್ಟರು.

ಮಾವನಿಗೆ ಒಂದು ಕ್ಷಣ ಹಿಗ್ಗಿತ್ತು. ಸಂಶೋಧಕರೇ ತುಂಬಾ ಚೆನ್ನಾಗಿದೆ ಅಂದರಲ್ಲ! ಹಿಗ್ಗಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು.

“ಸೋಮವಾರ ನಾನು ಬರಬಹುದಾ?” ಎಂದರು. “ಪೆಟ್ಟಿಗೆ ಮಾಡಿಕೊಟ್ಟೆ. ಅದನ್ನ ಎಲ್ಲಿಟ್ಟಿದ್ದೀರ ಅಂತಾನೂ ನೋಡಿಲ್ಲ.”

ಸೋಮವಾರ ಬೆಳಿಗ್ಗೆ ಅವರು ಸ್ಕೂಟರಿನ ಕಾಲ ಬಳಿ ಎಂಟಿಂಚಿನ ಸ್ಪೀಕರ್ ಒಂದನ್ನು ಇಟ್ಟುಕೊಂಡು ಬಂದರು. ಪುಟ್ಟಿಗೆ ಇದೇನು ಎನಿಸಿತು. “ಕಂಪ್ಯೂಟರಲ್ಲೇ ಸ್ಪೀಕರ್ ಇದೆ ಮಾವ.”

“ಆ ಬೆಂಕಿಪೊಟ್ಟಣದಲ್ಲಾ? ಅದರಲ್ಲಿ ಐವತ್ತು ಕೇಳಿಸಲ್ಲ ತಾಯಿ. ನೂರರ ಕೆಳಗೆ ಅದು ಮೂಕ. ನೀವು ಯಾವತ್ತಾದರೂ ಈ ಅಲೆಗೆ ಕಿವಿ ಕೊಟ್ಟಿದ್ದೀರಾ?”

ಪುಟ್ಟಿ ಯೋಚಿಸಿದಳು. ಮೂರು ವರ್ಷದಿಂದ ಅವಳು ನೋಡಿದ್ದಳು, ಅಷ್ಟೆ.

ಪ್ರಯೋಗದ ಕೋಣೆ ಮೂರನೆಯ ಮಹಡಿಯ ಕೊನೆಯಲ್ಲಿತ್ತು. ಹಳೆಯ ಕಟ್ಟಡ. ಪಕ್ಕದ ಕೋಣೆಗಳ ಫ್ರೀಜರುಗಳು ಸದಾ ಗೊಣಗುತ್ತಿದ್ದವು. ನಡುವೆ, ಗುಂಯ್ ಆದಷ್ಟು ತಡೆಯಲೆಂದು, ಬೀರುವಿನಷ್ಟು ದೊಡ್ಡ ತಾಮ್ರದ ಜಾಲರಿ ಪಂಜರ. ಅದರೊಳಗೆ ಮರದ ಪೆಟ್ಟಿಗೆಯಿಂದ ಕುತ್ತಿಗೆಯಷ್ಟೇ ಹೊರಗೆ ಚಾಚಿಕೊಂಡು ಕಂದು ಬಣ್ಣದ ಮೊಲ. ಎರಡು ಕಿವಿಗಳ ನಡುವೆ, ಹಲ್ಲಿನ ಡಾಕ್ಟರು ಬಳಸುವ ಸಿಮೆಂಟಿನಲ್ಲಿ ಕೂರಿಸಿದ ಪುಟ್ಟ ಪ್ಲಗ್ಗು.

“ಇವನು ಸಾಹೇಬ, ಆ ಮೂವರಲ್ಲಿ ಒಬ್ಬ. ಕರೆದರೆ ಬರಲ್ಲ, ಕರೆಯದಿದ್ರೆ ಕೋಪ” ಎಂದಳು ಪುಟ್ಟಿ.

“ನೋವಾಗಲ್ವೇನೇ?”

“ಇಡುವಾಗ ಅರಿವಳಿಕೆ ಕೊಡ್ತೀವಿ. ಮಿದುಳಿಗೆ ಮುಟ್ಟಿದ್ದು ತಿಳಿಯಲ್ಲ. ಇಲ್ಲಿ ಕೂತ್ಕೊಂಡರೆ ಕ್ಯಾರೆಟ್ ಸಿಗುತ್ತೆ ಅಂತ ಗೊತ್ತು, ತಾನಾಗಿಯೇ ಪೆಟ್ಟಿಗೆಗೆ ಹೋಗ್ತಾನೆ.”

ಸಾಹೇಬ ಮೂಗು ಅಲುಗಿಸುತ್ತಾ ಮಾವನನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿದ. ಪುಟ್ಟಿ ಒಂದು ಬಾಟಲಿಯ ಮುಚ್ಚಳ ತೆಗೆದಳು. ಮಾವನ ಹುಬ್ಬೇರಿತು.

“ಏಯ್, ಇದು ನಮ್ಮ ಅಂಗಡಿ ಪಾಲಿಶ್ ವಾಸನೆ!”

“ಬಾಳೆಹಣ್ಣಿನ ವಾಸನೆ ಅಂತ ಎಲ್ಲರೂ ಹೇಳ್ತಾರೆ.”

“ಬಾಳೆಹಣ್ಣೂ ಹೌದು, ಪಾಲಿಶೂ ಹೌದು. ಸಾಹೇಬರಿಗೆ ಯಾವುದು?”

“ಅದೇ ನನ್ನ ಪ್ರಶ್ನೆ ಮಾವ” ಎಂದಳು ಪುಟ್ಟಿ. ಎರಡು ದಿನದಲ್ಲಿ ಮೊದಲ ಸಲ ಅವಳ ದನಿ ಏರಿತ್ತು. “ಆ ಗಡ್ಡೆಯಲ್ಲಿ ಸಾವಿರಾರು ಜೀವಕೋಶ ಇವೆ. ಒಂದೊಂದರ ಸದ್ದು ಈ ತಂತಿಗೆ ತಿಳಿಯಲ್ಲ. ಸಭೆಯಲ್ಲಿ ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ಹಾಕಿದರೆ ಬೀದಿಗೆ ಕೇಳಿಸುತ್ತಲ್ಲ, ಹಾಗೆ ಅವೆಲ್ಲ ಒಟ್ಟಿಗೆ ತುಯ್ದಾಗ ಮಾತ್ರ ಅಲೆ ಸಿಗುತ್ತೆ. ಈ ವಾಸನೆ ಬಂದ್ರೆ ಕ್ಯಾರೆಟ್ ಬರುತ್ತೆ ಅಂತ ಮೊಲ ಕಲಿತ ಮೇಲೆ ಚಪ್ಪಾಳೆ ಬದಲಾಗುತ್ತಾ? ಗಾಳಿ ಅದೇ, ಮೂಗು ಅದೇ. ಗೊತ್ತಾಗಿದೆ ಅನ್ನೋದೊಂದೇ ಹೊಸದು. ಅದು ಅಲೆಯಲ್ಲಿ ಕಾಣುತ್ತಾ?” ತಟ್ಟನೆ ನಿಲ್ಲಿಸಿ, “ಇರಲಿ ಬಿಡಿ. ಅಲೆಯೇ ಇಲ್ಲ” ಎಂದಳು.

ಮಾವನ ಬೂದು ಪೆಟ್ಟಿಗೆಯಿಂದ ಹೊರಬರುವ ತಂತಿಗೆ ಸ್ಪೀಕರ್ ಜೋಡಿಸಿದ್ದಾಯಿತು. ಸಣ್ಣ ಹುರಿಯುವ ಸದ್ದು, ಅದರ ಕೆಳಗೆ ಏನೂ ಇಲ್ಲ. ಪುಟ್ಟಿ ಪರದೆಯ ಮೇಲೆ ಒಂದು ಚಿತ್ರ ತೆರೆದಳು. ಅಡಿಯಲ್ಲಿ ಎಡದಿಂದ ಬಲಕ್ಕೆ ಹತ್ತು, ಇಪ್ಪತ್ತು ಎಂದು ನೂರರವರೆಗೆ ಅಂಕಿಗಳು. ಸೆಕೆಂಡಿಗೆ ಅಷ್ಟು ಸಲ ತುಯ್ಯುವ ಅಲೆ ಎಷ್ಟು ಬಲವಾಗಿದೆಯೋ ಆ ಅಂಕಿಯ ಮೇಲೆ ಗೆರೆ ಅಷ್ಟು ಎತ್ತರ. ಮಾವನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವರ ಬೆಂಚಿನ ಯಂತ್ರದಲ್ಲೂ ಇಂಥದೇ ಚಿತ್ರ ಬರುತ್ತಿತ್ತು. ಎಡದಿಂದ ಇಳಿಜಾರಾಗಿ ಬಂದ ಗೆರೆ ಐವತ್ತರ ಹತ್ತಿರ ಗುಂಡಿಗೆ ಬಿದ್ದು, ಆಚೆ ಎದ್ದು ಮುಂದೆ ಹೋಗಿತ್ತು.

“ಈ ಗುಂಡಿ?”

“ಅದು ಯಾವಾಗಲೂ ಇರುತ್ತೆ. ಐವತ್ತನ್ನು ತೆಗೆದರೆ ಎಲ್ಲರ ಚಿತ್ರದಲ್ಲೂ ಒಂದು ಗುಂಡಿ ಬರುತ್ತೆ. ಪಕ್ಕದ ಲ್ಯಾಬಲ್ಲೂ ಇದೆ.”

“ಪಕ್ಕದ ಲ್ಯಾಬಿನ ಗುಂಡಿ ಎಷ್ಟು ಅಗಲ?”

ಪುಟ್ಟಿ ಹಳೆಯ ಫೈಲುಗಳಲ್ಲಿ ಹುಡುಕಿದಳು. ಪಕ್ಕದ ಲ್ಯಾಬಿನ ಹಳೆಯ ಚಿತ್ರವೊಂದು ಕಂಪ್ಯೂಟರಿನಲ್ಲಿತ್ತು. ಅದನ್ನು ತೆರೆದು ಎರಡನ್ನೂ ಅಕ್ಕಪಕ್ಕ ಇಟ್ಟಳು. ಅವರದು ಸೂಜಿ ಚುಚ್ಚಿದಂತೆ ಇತ್ತು, ನಲವತ್ತೊಂಬತ್ತರಿಂದ ಐವತ್ತೊಂದು. ಇವಳದು ಬಕೆಟ್ ಇಡಬಹುದಾದಷ್ಟು ಅಗಲ. ಮಾವ ಬೆರಳಿಟ್ಟು ಚೌಕ ಎಣಿಸಿದರು. ಎಣಿಸುವ ಅಗತ್ಯವಿರಲಿಲ್ಲ, ಅಂಕಿ ಅವರಿಗೆ ಗೊತ್ತಿತ್ತು.

“ನಲವತ್ತೆರಡರಿಂದ ಐವತ್ತೆಂಟು” ಎಂದರು. “ಇದನ್ನ ತೋಡಿದವನು ನಾನೇ.”

ಅವರು ಕಾರಣ ಹೇಳಿದರು. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಸಭಾಭವನದವರು, ನಾಟಕದವರು. ಕರೆಂಟು ಹೋದಾಗ ಅಲ್ಲಿ ಜನರೇಟರ್ ಓಡುತ್ತದೆ. ಹಳೇ ಜನರೇಟರು ಐವತ್ತಕ್ಕೆ ನಿಲ್ಲುವುದಿಲ್ಲ, ಭಾರ ಬಿದ್ದರೆ ನಲವತ್ತಾರಕ್ಕೆ ಇಳಿಯುತ್ತದೆ, ಹಗುರಾದರೆ ಐವತ್ತಮೂರಕ್ಕೆ ಏರುತ್ತದೆ. ಕಿರಿದಾದ ಗುಂಡಿಯಾದರೆ ಗುಂಯ್ ಪಕ್ಕದಿಂದ ನುಸುಳುತ್ತದೆ. ಅದಕ್ಕೇ ಅಗಲ ಮಾಡಿದ್ದು. ಭಾಷಣಕ್ಕೆ ಅಷ್ಟು ಕೆಳಗಿನ ಸದ್ದಿನ ಹಂಗಿಲ್ಲ. ಎಲ್ಲಕ್ಕೂ ಒಂದೇ ಅಳತೆ, ಅವಳಿಗೆ ಕೊಟ್ಟದ್ದೂ ಅದೇ.

“ಮೇಲೆ ಐವತ್ತು ಅಂತ ಬರೆದಿದ್ದೀರಲ್ಲ ಮಾವ!”

“ಐವತ್ತು ಅಂದ್ರೆ ನಡುಮಧ್ಯ.”

“ಅಕ್ಕಪಕ್ಕ?”

“ಯಾರೂ ಕೇಳಿರಲಿಲ್ಲ.” ‘ನೀನೂ ಕೇಳಲಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

ಪುಟ್ಟಿ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಳು. “ಎಂಟು ತಿಂಗಳು” ಎಂದಳು. ಇನ್ನೊಂದು ಸಲ, “ಎಂಟು ತಿಂಗಳು ಮಾವ! ದಿನಾ ಈ ಚಿತ್ರ ನೋಡಿದೀನಿ. ದಿನಾ!” ಬೈದದ್ದು ಅವರನ್ನೋ ತನ್ನನ್ನೋ ಎಂಬುದು ಮಾವನಿಗೆ ಸ್ಪಷ್ಟವಾಗಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ತಪ್ಪು ಮಾಡಿದ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ತಮ್ಮ ಪೆಟ್ಟಿಗೆಯ ಎರಡೂ ಬದಿಯ ತಂತಿ ಕಳಚಿ, ಒಂದಕ್ಕೊಂದು ನೇರ ಸೇರಿಸಿದರು.

ಸ್ಪೀಕರ್ ಗುಂಯ್ ಎಂದಿತು. ಮೂವತ್ತೊಂದು ವರ್ಷ ಅಟ್ಟಾಡಿಸಿದ ಅದೇ ಹಳೇ ಸದ್ದು, ಒಂದೇ ಸಮ, ಮುಖವಿಲ್ಲದ್ದು. ಅದರ ಮೇಲೆ ಇನ್ನೊಂದು ಇತ್ತು. ವ್ರೂಂ... ಬಿಡುವು. ವ್ರೂಂ... ಬಿಡುವು. ದೂರದ ರಸ್ತೆಯಲ್ಲಿ ಯಾರೋ ಮೋಟಾರ್‌ಬೈಕಿಗೆ ಕಿಕ್ ಹೊಡೆದು ಹೊಡೆದು ಬಿಡುತ್ತಿದ್ದಂತೆ. ಮಾವ ಮೊಲದ ಮೂಗು ನೋಡಿದರು. ಮೂಗು ಅರಳಿದಾಗ ವ್ರೂಂ. ಪುಟ್ಟಿ ಬಾಟಲಿಯನ್ನು ಹತ್ತಿರ ತಂದಳು. ಸಾಹೇಬನ ಮೂಗು ಚುರುಕಾಯಿತು, ಸದ್ದು ಒತ್ತೊತ್ತಾಗಿ ಬಂತು.

ಮಾವ ಸ್ಪೀಕರಿನತ್ತ ಬಾಗಿ ಪಿಸುಗುಟ್ಟಿದರು, “ವಾಸನೆ ತಗೊಳ್ಳೋದು ಹೀಗೆ ಕೇಳಿಸುತ್ತಾ?”

“ಯಾರು ಇಲ್ಲಿ ಬೈಕ್ ಓಡಿಸ್ತಿರೋದು?” ಎನ್ನುತ್ತಾ ಮೇಡಂ ಒಳಗೆ ಬಂದರು. ನಿವೃತ್ತಿಗೆ ಎರಡು ವರ್ಷವಿದ್ದ ಪ್ರೊಫೆಸರ್, ಕನ್ನಡಕ ಕೊರಳಿಗೆ ನೇತುಹಾಕಿಕೊಂಡವರು. ನಡೆದದ್ದನ್ನೆಲ್ಲ ಪುಟ್ಟಿ ಹೇಳಿದಳು. ಮೇಡಂ ಕನ್ನಡಕ ಏರಿಸಿಕೊಂಡು ಅಗಲದ ಗುಂಡಿಯನ್ನು ನೋಡಿದರು. ಆಮೇಲೆ ಸ್ಪೀಕರಿಗೆ ಕಿವಿಗೊಟ್ಟರು.

“ಗುಂಡಿ ವಿಷಯ ಒಪ್ಪಿದೆ” ಎಂದರು. “ಆದರೆ ಇದೂ ಐವತ್ತರ ಮಗ್ಗುಲಲ್ಲೇ ಇದೆಯಲ್ಲಮ್ಮ. ಮೊಲ ಉಸಿರೆಳೆದರೆ ತಲೆ ಅಲುಗುತ್ತೆ. ತಲೆ ಅಲುಗಿದರೆ ತಂತಿ ಅಲುಗುತ್ತೆ. ತಂತಿ ಅಲುಗಿದರೆ ಗುಂಯ್ ಏರಿಳಿಯುತ್ತೆ. ಉಸಿರಿಗೆ ಸರಿಯಾಗಿ ಏರಿಳಿದರೂ ಅದು ಗುಂಯ್ಯೇ. ಅಲ್ಲ ಅಂತ ಹೇಗೆ ಹೇಳ್ತೀಯ?” ಮಾವನ ಕಡೆ ತಿರುಗಿ, “ನೀವೇ ಹೇಳಿ ಡಾಕ್ಟ್ರೇ” ಎಂದರು.

ಮಾವ ತಲೆಯಾಡಿಸಿದರು. ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಸಡಿಲವಾದ ಮೈಕಿನ ತಂತಿ ಭಾಷಣಕಾರನ ಕೈಯಾಟಕ್ಕೆ ತಕ್ಕಂತೆ ಗುಂಯ್‌ಗುಡುವುದನ್ನು ಅವರು ಎಷ್ಟು ಸಲ ಕೇಳಿರಲಿಕ್ಕಿಲ್ಲ!

“ಕರೆಂಟೇ ತೆಗೆದು ನೋಡಿದರೆ?” ಎಂದಳು ಪುಟ್ಟಿ.

“ಈ ಕೋಣೆದು ತೆಗೆದರೆ ಗೋಡೆಯಲ್ಲಿರೋದು ಬಿಡಲ್ಲ. ಕಟ್ಟಡದ್ದೇ ತೆಗೆದರೆ ಹನ್ನೊಂದು ಫ್ರೀಜರು. ಅದರಲ್ಲಿ ಮಾದರಿ ಇಟ್ಟಿರೋರ ಕೆಲಸಕ್ಕೆ ನೀನು ಮಂಗಳ ಹಾಡ್ತೀಯಾ?” ಬಾಗಿಲ ಬಳಿ ನಿಂತು ಮೇಡಂ ಹೇಳಿದರು, “ಗುರುವಾರ ಸಂಜೆಯೊಳಗೆ ನನಗೆ ಒಂದು ಕಾಗದ ಬೇಕು. ಅದರಲ್ಲಿ ಏನಿರಬೇಕು ಅನ್ನೋದು ನಿನ್ನ ಪ್ರಯೋಗಕ್ಕೆ ಬಿಟ್ಟದ್ದು.”

ಕೆಳಗಿಳಿದು ಸ್ಕೂಟರಿನ ಹತ್ತಿರ ಬಂದಾಗ ಮಾವನ ಕಣ್ಣಿಗೆ ಕಟ್ಟಡದ ಹಿಂದಿನ ಶೆಡ್ಡು ಬಿತ್ತು. ಅದರ ಬಾಗಿಲಿಗೆ ಅಂಟಿಸಿದ ಕಾಗದ: ‘ಪ್ರತಿ ಬುಧವಾರ ಬೆಳಿಗ್ಗೆ 11ಕ್ಕೆ ಜನರೇಟರ್ ಪರೀಕ್ಷೆ, 20 ನಿಮಿಷ. ಇಡೀ ಕಟ್ಟಡ ಜನರೇಟರ್ ಮೇಲೆ ಓಡುತ್ತದೆ.’

ಅವರು ಅದನ್ನು ಮೂರು ಸಲ ಓದಿದರು. ಕರೆಂಟು ತೆಗೆಯಬೇಕಾಗಿಯೇ ಇರಲಿಲ್ಲ. ಅದರ ಐವತ್ತರ ಲೆಕ್ಕವನ್ನು ತಪ್ಪಿಸಿದರೆ ಸಾಕಿತ್ತು. ಗುಂಡಿ ಅಗಲ ಮಾಡಿಸಿದ್ದ ಹಾಳು ಜನರೇಟರು ಈಗ ಬೇಕಾಗಿ ಬಂತು!

ಶೆಡ್ಡಿನೊಳಗಿದ್ದ ಆಪರೇಟರ್ ಎಣ್ಣೆ ಒರೆಸುವ ಬಟ್ಟೆ ಹಿಡಿದೇ ಹೊರಬಂದ. ಮಾವನ ಮಾತು ಕೇಳಿ ಅವನಿಗೆ ಅನುಮಾನವೇ ಹುಟ್ಟಿತು. “ಎಲ್ಲರೂ ಐವತ್ತಕ್ಕೆ ನಿಲ್ಲಿಸು ಅಂತ ಪ್ರಾಣ ತಿಂತಾರೆ. ನೀವೊಬ್ರೇ ತಪ್ಪಿಸು ಅನ್ನೋರು. ಯಾಕೆ ಸಾರ್?”

“ಒಂದು ಮೊಲದ ಸಲುವಾಗಿ.”

“ಮೊಲ” ಎಂದ ಆಪರೇಟರ್. ಮಾವನ ಮುಖವನ್ನೇ ನೋಡಿದ. “ನಲವತ್ತಾರಕ್ಕಿಂತ ಕೆಳಗೆ ಇಳಿಸಲ್ಲ. ಫ್ಯಾನು ಸ್ವಲ್ಪ ನಿಧಾನ ಆಗುತ್ತೆ, ಫ್ರೀಜರಿಗೆ ಹತ್ತು ನಿಮಿಷ ಏನೂ ಆಗಲ್ಲ. ಮೇಡಂ ಒಂದು ಚೀಟಿ ಬರೆದುಕೊಡಲಿ.”

ಮೇಡಂ ಚೀಟಿ ಬರೆದುಕೊಟ್ಟರು. ಅದರ ಕೆಳಗೆ, ‘ಏರಿಸುವುದನ್ನೂ ಮಾಡಿ, ಬರೀ ಇಳಿಸಿದರೆ ಸಾಲದು’ ಎಂದೂ ಸೇರಿಸಿದ್ದರು.

ಬುಧವಾರ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಪರದೆಯ ಮೇಲಿನ ಚಿತ್ರ ಹೀಗಿತ್ತು. ಐವತ್ತರಲ್ಲಿ ಒಂದು ಕಂಬ, ತೆಳ್ಳಗೆ, ನೆಟ್ಟಗೆ. ಅದು ಕರೆಂಟು. ಕಂಬದ ಬುಡದಲ್ಲಿ, ನಲವತ್ತೈದರಿಂದ ಐವತ್ತಮೂರರವರೆಗೆ ಹರಡಿಕೊಂಡು ಒಂದು ಗುಡ್ಡ, ನೆತ್ತಿ ನಲವತ್ತೊಂಬತ್ತರಲ್ಲಿ. ಅದು ಸಾಹೇಬನೋ ಅಲುಗುವ ತಂತಿಯೋ, ಅದೇ ಪ್ರಶ್ನೆ.

“ಸರಿಯಾಗಿ ಕೇಳಿಸ್ಕೋ” ಎಂದರು ಮೇಡಂ ಪುಟ್ಟಿಗೆ. “ಗುಡ್ಡ ಕರೆಂಟಿನದ್ದಾದರೆ ಕಂಬದ ಹಿಂದೆಯೇ ಹೋಗುತ್ತೆ. ಮೊಲದ್ದಾದರೆ ಮೊಲಕ್ಕೆ ಜನರೇಟರಿನ ಸುದ್ದಿಯೇ ಗೊತ್ತಿಲ್ಲ. ಹೋಗಿಬಿಟ್ಟರೆ ನೀನು ಆ ಕಾಗದ ಬರೀತೀಯ. ಒಪ್ಪಿಗೆ ತಾನೇ?”

“ಒಪ್ಪಿಗೆ” ಎಂದಳು ಪುಟ್ಟಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ದೀಪಗಳು ಒಮ್ಮೆ ಆರಿ ಹೊತ್ತಿಕೊಂಡವು. ಕೆಳಗಿನಿಂದ ಡೀಸೆಲ್ ಎಂಜಿನ್ನಿನ ಗುಡುಗು. ಸಾಹೇಬ ಕಿವಿ ನಿಮಿರಿಸಿ, ಪ್ರತಿ ಬುಧವಾರದ ರಗಳೆ ಇದೇ ತಾನೇ ಎಂಬಂತೆ ಮತ್ತೆ ಇಳಿಸಿದ. ಮಾವನ ಮೊಬೈಲಿನಲ್ಲಿ ಆಪರೇಟರ್ ಕೂಗುತ್ತಿದ್ದ. ಅವನೆದುರಿನ ಮೀಟರಿನಲ್ಲಿ ಸಣ್ಣ ಉಕ್ಕಿನ ನಾಲಗೆಗಳ ಸಾಲಿತ್ತು, ಒಂದೊಂದಕ್ಕೂ ಒಂದು ಅಂಕಿ. ಜನರೇಟರು ಯಾವ ಲೆಕ್ಕದಲ್ಲಿ ಓಡುತ್ತದೋ ಆ ನಾಲಗೆ ಮಾತ್ರ ನಡುಗುತ್ತದೆ. “ನಲವತ್ತೆಂಟು ನಡುಗ್ತಿದೆ... ನಲವತ್ತೇಳು... ನಲವತ್ತಾರು! ಸಾಕಾ?”

“ಅಲ್ಲೇ ಹಿಡಿ!” ಎಂದು ಮಾವ ಕೂಗಿದರು.

ಸ್ಪೀಕರಿನ ಗುಂಯ್ ಕೆಳಗಿಳಿದದ್ದು ಮೂವರಿಗೂ ಕೇಳಿಸಿತು. ಅದರ ಮೇಲಿನ ವ್ರೂಂ ಇಳಿಯಿತೋ ಇಲ್ಲವೋ ಎಂದು ಮಾವ ಕಣ್ಣು ಮುಚ್ಚಿ ಕೇಳಿದರು. ಗೊತ್ತಾಗಲಿಲ್ಲ. ಅಷ್ಟು ಮೋಟು ಸದ್ದಿನಲ್ಲಿ ಮೂರು ತುಯ್ತದ ವ್ಯತ್ಯಾಸ ಹಿಡಿಯುವುದು ಅವರ ಕಿವಿಗೂ ಮೀರಿದ್ದು. “ನನಗೆ ತಿಳೀತಿಲ್ಲ” ಎಂದು ನಿಜವನ್ನೇ ಹೇಳಿದರು.

ಲೆಕ್ಕ ಕೂಡಿಸಲು ಕಂಪ್ಯೂಟರಿಗೆ ಐದು ನಿಮಿಷ ಬೇಕಿತ್ತು. ಚಿತ್ರ ಸ್ವಲ್ಪ ಸ್ವಲ್ಪವೇ ಮೂಡಿತು. ಮೊದಲು ಕಂಬ ಎದ್ದಿತು, ನಲವತ್ತಾರರಲ್ಲಿ. ಅದರ ಬಲಕ್ಕೆ ಗೆರೆ ಒರಟೊರಟಾಗಿ ಉಬ್ಬತೊಡಗಿತು. ಮೂರನೆಯ ನಿಮಿಷಕ್ಕೆ ಗುಡ್ಡವಾಯಿತು. ಪುಟ್ಟಿ ಬಗ್ಗಿ ನೆತ್ತಿಯ ಅಂಕಿ ಓದಿದಳು. ನಲವತ್ತೊಂಬತ್ತು. ಕಂಬ ಹೊರಟುಹೋಗಿತ್ತು, ಗುಡ್ಡ ಕೂತಲ್ಲೇ ಕೂತಿತ್ತು.

“ತಡಿ, ಕುಣೀಬೇಡ” ಎಂದರು ಮೇಡಂ, ಯಾರೂ ಕುಣಿಯದಿದ್ದರೂ. ಮೇಜಿನ ಮೇಲಿನ ಪೆನ್ಸಿಲ್ ತೆಗೆದುಕೊಂಡು ಪಂಜರದೊಳಗೆ ಕೈ ಹಾಕಿ, ಮೊಲದ ತಲೆಯಿಂದ ಬರುವ ತಂತಿಯನ್ನು ಮೆಲ್ಲಗೆ ತಟ್ಟತೊಡಗಿದರು. ಸೆಕೆಂಡಿಗೆ ಎರಡು ಸಲ, ಉಸಿರಿನಷ್ಟೇ ವೇಗವಾಗಿ. ಸಾಹೇಬ ಪೆನ್ಸಿಲನ್ನೇ ಮೂಸಿದ. ಚಿತ್ರದಲ್ಲಿ ಕಂಬದ ಬುಡ ದಪ್ಪವಾಯಿತು, ಎಡಬಲಕ್ಕೆ ಪುಟ್ಟ ದಿಬ್ಬ ಬೆಳೆಯಿತು. ಬೆಳೆದದ್ದು ನಲವತ್ತಾರರ ಸುತ್ತಲೇ. ನಲವತ್ತೊಂಬತ್ತರ ಗುಡ್ಡಕ್ಕೆ ಅದರ ಗೊಡವೆಯೇ ಇರಲಿಲ್ಲ.

“ಅಲುಗುವ ತಂತಿ ಮಾಡೋದು ಇಷ್ಟು” ಎಂದರು ಮೇಡಂ, ಪೆನ್ಸಿಲ್ ಹಿಂದೆ ತೆಗೆಯುತ್ತಾ. ದನಿ ತಗ್ಗಿತ್ತು. “ಏರಿಸೋಕೆ ಹೇಳಿ.”

ಆಪರೇಟರ್ ಐವತ್ತಮೂರಕ್ಕೆ ಏರಿಸಿದ. ಕಂಬ ಗುಡ್ಡವನ್ನು ದಾಟಿ ಅದರ ಆಚೆ ಬದಿಗೆ ಹೋಗಿ ನಿಂತಿತು. ಗುಡ್ಡದ ನೆತ್ತಿ ನಲವತ್ತೊಂಬತ್ತು. ಗುಡ್ಡದ ಒಡೆಯ ಪೆಟ್ಟಿಗೆಯಲ್ಲಿ ಕೂತು, ಕ್ಯಾರೆಟ್ ಇನ್ನೂ ಯಾಕೆ ಬಂದಿಲ್ಲ ಎಂದು ಮೂಗು ಅಲುಗಿಸುತ್ತಿದ್ದ.

ಪುಟ್ಟಿ ಅವನಿಗೆ ಕ್ಯಾರೆಟ್ ಕೊಟ್ಟಳು. ಒಂದಲ್ಲ, ಎರಡು. ಆಮೇಲೆ ನೆಲದ ಮೇಲೆ ಕುಕ್ಕರಿಸಿ ಕೂತು ಮುಖ ಒರೆಸಿಕೊಂಡಳು.

“ಗುಂಯ್ ಜೊತೆ ಹೋದದ್ದು ಗುಂಯ್ಯೇ ಅಂದಿದ್ದು ನನ್ನ ತಪ್ಪು” ಎಂದರು ಮೇಡಂ. “ಇಪ್ಪತ್ತು ವರ್ಷದಿಂದ ಇಂಥ ಗುಂಡಿ ನೋಡ್ತಾ ಇದ್ದೀನಿ. ಎಷ್ಟು ಅಗಲ ಅಂತ ಒಂದು ಸಲವೂ ಕೇಳಲಿಲ್ಲ.” ಮಾವನ ಕಡೆ ತಿರುಗಿದರು. “ಈ ಜನರೇಟರ್ ಉಪಾಯ ಯಾರದು?”

“ಗುಂಡಿ ತೋಡಿದವನದೇ ಮೇಡಂ.”

ಶುಕ್ರವಾರ ಮಾವ ಅಂಗಡಿ ತೆರೆದು ಕೂತರೇ ಹೊರತು ಒಂದು ಸ್ಕ್ರೂ ಕೂಡ ತಿರುಗಿಸಲಿಲ್ಲ. ಅತ್ತೆ ಎರಡು ಸಲ ಬಂದು ಇಣುಕಿದರು. ಮೂರನೆಯ ಸಲ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತರು. “ಫೋನನ್ನ ಹಾಗೆ ನೋಡಿದ್ರೆ ಅದು ಹೆದರಿಕೊಂಡು ಬಡ್ಕೊಳ್ಳಲ್ಲ” ಎಂದರು. ಹನ್ನೆರಡೂವರೆಗೆ ಬಡಿದುಕೊಂಡಿತು.

ಸಮಿತಿ ಇನ್ನೊಂದು ವರ್ಷ ಕೊಟ್ಟಿತ್ತು. ಹೋದ ವರ್ಷದ ವರದಿ ಹಾಗೆಯೇ ಉಳಿಯುತ್ತದೆ, ಜೊತೆಗೆ ಜನರೇಟರಿನ ಚಿತ್ರವೂ ಸೇರುತ್ತದೆ. ಆದರೆ ಎಂಟು ತಿಂಗಳಲ್ಲಿ ದಾಖಲಿಸಿದ್ದರಲ್ಲಿ ಏನೂ ಉಪಯೋಗಕ್ಕೆ ಬರುವುದಿಲ್ಲ. ಪೆಟ್ಟಿಗೆ ನುಂಗಿದ್ದು ವಾಪಸ್ ಬರುವಂಥದ್ದಲ್ಲ. ಮೂರು ಮೊಲಗಳೂ ಬಾಳೆಹಣ್ಣಿನ ವಾಸನೆಯನ್ನು ಈಗಾಗಲೇ ಕಲಿತುಬಿಟ್ಟಿವೆ. ಕಲಿಯುವ ಮೊದಲು ಅವುಗಳ ಅಲೆ ಹೇಗಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಹೊಸ ವಾಸನೆಯಿಂದ, ಮೊದಲಿನಿಂದ ಶುರು ಮಾಡಬೇಕು.

“ಬೈಯಬೇಕು ಅನ್ಸಿದ್ರೆ ಬೈದುಬಿಡು” ಎಂದರು ಮಾವ.

“ಸೋಮವಾರವೇ ಬೈದೆನಲ್ಲ, ಕಿಟಕಿಗೆ. ನಿಮಗೆ ಕೇಳಿಸ್ಲಿಲ್ವಾ?” ಎಂದಳು ಪುಟ್ಟಿ. “ನಂಗೆ ಹೊಸ ಪೆಟ್ಟಿಗೆ ಬೇಕು ಮಾವ. ನಲವತ್ತೊಂಬತ್ತೂವರೆಯಿಂದ ಐವತ್ತೂವರೆ. ಒಂದು ಕೂದಲು ಹೆಚ್ಚಾಗಬಾರದು. ತಂದ ಕೂಡಲೇ ನಾನು ಅಳೀತೀನಿ.”

“ಅಳೆ. ನಾನೂ ಅಳೆದು ಮುಚ್ಚಳದ ಮೇಲೆ ಎರಡೂ ತುದಿ ಬರೀತೀನಿ. ಹಳೇದನ್ನ ಏನು ಮಾಡಿದೆ?”

“ಬಾಗಿಲು ಗಾಳಿಗೆ ಬಡ್ಕೊಳ್ತಿತ್ತು. ಅಡ್ಡ ಇಟ್ಟಿದ್ದೀನಿ. ಆ ಕೆಲಸ ಚೆನ್ನಾಗಿ ಮಾಡ್ತಿದೆ.”

ಅತ್ತೆ ಅದನ್ನು ಕೇಳಿಸಿಕೊಂಡು ಜೋರಾಗಿ ನಕ್ಕರು.

ಫೋನ್ ಇಟ್ಟ ಮೇಲೂ ಮಾವನ ತಲೆಯಲ್ಲಿ ಸಾಹೇಬನ ಅಂಕಿ ಉಳಿದಿತ್ತು. ಸೆಕೆಂಡಿಗೆ ನಲವತ್ತೊಂಬತ್ತು. ಈ ಅಂಕಿಯನ್ನು ಅವರು ಮೊಲಕ್ಕಿಂತ ಮೊದಲೂ ಎಲ್ಲೋ ಕಂಡಿದ್ದರು. ಡ್ರಾಯರಿನ ತಳದಿಂದ ಒಂದು ಹಳೆಯ ತಖ್ತೆ ತೆಗೆದರು. ಯಾವ ವಾದ್ಯದ ಯಾವ ಸ್ವರ ಸೆಕೆಂಡಿಗೆ ಎಷ್ಟು ತುಯ್ತ ಎಂಬ ಪಟ್ಟಿ ಅದರಲ್ಲಿತ್ತು. ಬೇಸ್ ಗಿಟಾರ್, ದಪ್ಪ ತಂತಿ. ಒತ್ತದೆ ಮೀಟಿದರೆ ನಲವತ್ತೊಂದು. ಕೊರಳಿನ ಪಟ್ಟಿಗಳ ನಡುವಿನ ಮೊದಲನೆಯ ಮನೆಯಲ್ಲಿ ಒತ್ತಿದರೆ ನಲವತ್ತನಾಲ್ಕು. ಎರಡನೆಯದರಲ್ಲಿ ನಲವತ್ತಾರು. ಮೂರನೆಯ ಮನೆಯಲ್ಲಿ ಒತ್ತಿದರೆ ನಲವತ್ತೊಂಬತ್ತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನಾಯ್ತು?” ಎಂದರು ಅತ್ತೆ.

“ಅವನ ತಂತಿ ಸರಿಯಾಗೇ ಇತ್ತು.”

“ಯಾರದು?”

ಮಾವ ಗಿರಾಕಿಗಳ ಪುಸ್ತಕ ತೆಗೆದು ಹಾಳೆ ಮಗುಚಿ ಬೇಸ್ ಗಿಟಾರಿನವನ ನಂಬರ್ ಹುಡುಕಿದರು. ಆ ಪುಟದಲ್ಲಿ ಎರಡು ಕಡೆ, ಎರಡು ಬೇರೆ ಬೇರೆ ತಿಂಗಳಲ್ಲಿ, ಅವರದೇ ಕೈಬರಹದಲ್ಲಿ ‘ತಂತಿ ಬದಲಿಸಲು ಹೇಳಿದೆ’ ಎಂದಿತ್ತು. ನಂಬರ್ ಒತ್ತಿ ಕಿವಿಗಿಟ್ಟುಕೊಂಡರು. ಆ ಕಡೆ ಎತ್ತಿದ ಮೇಲೆ, ತಮ್ಮ ಪರಿಚಯ ಹೇಳುವ ಮೊದಲೇ ಕೇಳಿದರು:

“ನಿಮ್ಮ ದಪ್ಪ ತಂತಿ, ಯಾವ್ಯಾವ ಮನೇಲಿ ಒತ್ತಿದ್ರೆ ಕುಸಿಯುತ್ತೆ ಅಂದಿದ್ರಿ?”